ಅಟ್ಟದ ಮೇಲಿನ ಐದು ಕೆಜಿ ಆಲೂಗೆಡ್ಡೆ

ನಮ್ಮೂರ ಮನೆಯ ಅಟ್ಟದ ಮೇಲೆ, ಹಳೇ ಗೋಣಿಚೀಲಗಳ ಪಕ್ಕದಲ್ಲಿ, ಒಂದು ವೋಡ್ಕಾ ಬಾಟಲಿ ಕೂತಿದೆ. ಯಾರೂ ಮುಚ್ಚಳ ತೆಗೆದಿಲ್ಲ. ತೆಗೆಯೋದೂ ಇಲ್ಲ. ಅಡುಗೆಮನೆಗಾಗಲಿ ದೇವರ ಮನೆ ಇರೋ ಪಡಸಾಲೆಗಾಗಲಿ ಅದು ಬರಕೂಡದು ಅಂತ ಅಮ್ಮ ಮೊದಲ ದಿನವೇ ಹೇಳಿಬಿಟ್ಟರು. ಹಾಗಾಗಿ ಅಟ್ಟ. ಆದರೆ ನೆಂಟರು ಬಂದಾಗ ಅಪ್ಪ ಏಣಿ ಹತ್ತುತ್ತಾರೆ. ಅರವತ್ತೆಂಟು ವಯಸ್ಸು, ಮಂಡಿ ನೋವು, ಆದರೂ ಹತ್ತುತ್ತಾರೆ. ಬಾಟಲಿಯನ್ನು ಪಂಚೆಯಲ್ಲಿ ಒರೆಸಿ, ಬಂದವರ ಕೈಗೆ ಕೊಟ್ಟು, "ನೋಡಿ, ಇದರೊಳಗೆ ಐದು ಕೆಜಿ ಆಲೂಗೆಡ್ಡೆ ಐತೆ" ಅನ್ನುತ್ತಾರೆ. ಬಂದವರು ಬೆಳಕಿಗೆ ಹಿಡಿದು ನೋಡುತ್ತಾರೆ. ಒಳಗೆ ನೀರಿನ ಹಾಗೆ ಏನೋ ಇದೆ, ಅಷ್ಟೇ. ಅಪ್ಪ ತಮಾಷೆ ಮಾಡುತ್ತಿದ್ದಾರೆ ಅಂತ ನಕ್ಕು ಕಾಫಿ ಕುಡಿಯುತ್ತಾರೆ.

ಆ ಬಾಟಲಿ ಸ್ಕಾಟ್ಲೆಂಡಿನಿಂದ ನನ್ನ ಸೂಟ್‌ಕೇಸಿನಲ್ಲಿ, ಎರಡು ಸ್ವೆಟರುಗಳ ನಡುವೆ ಮಲಗಿ ಬಂದದ್ದು. ನಾನು ಕುಡಿಯೋದು ಅಷ್ಟಕ್ಕಷ್ಟೇ. ನಾನು ತಂದದ್ದು ಆಲೂಗೆಡ್ಡೆಯ ಆಸೆಗೆ.

ನಮ್ಮದು ಹಾಸನದ ಹತ್ತಿರ, ಸಾಲಗಾಮೆ ಕಡೆ. ಅಲ್ಲಿ ಒಂದು ಕಾಲಕ್ಕೆ ಮುಂಗಾರು ಅಂದರೆ ಆಲೂಗೆಡ್ಡೆ ಅಂತಲೇ ಅರ್ಥ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆ ಗೆಡ್ಡೆಯ ಲಾರಿಗಳು ಬರುತ್ತಿದ್ದವು. ಕೋಲ್ಡ್ ಸ್ಟೋರೇಜ್ ಮುಂದೆ ರೈತರ ಸಾಲು. ತಂದ ಗೆಡ್ಡೆಯನ್ನು ನೆರಳಲ್ಲಿ ಹರಡಿ, ಕಣ್ಣು ಮೊಳಕೆ ಒಡೆದ ಮೇಲೆ ಕುಯ್ದು ನೆಡಬೇಕು. ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಅಗೆತ. ಊರೆಲ್ಲ ಕುಫ್ರಿ ಜ್ಯೋತಿ. ಅದು 1968ರಲ್ಲಿ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿ. ಅಂಗಮಾರಿ ರೋಗ ತಡೆಯುತ್ತೆ ಅಂತಲೇ ಹೆಸರು ಮಾಡಿದ್ದು. ಆ ತಡೆಯೋ ಶಕ್ತಿ ಯಾವಾಗಲೋ ಮುಗಿದುಹೋಗಿದೆ, ಹೆಸರು ಮಾತ್ರ ಉಳಿದಿದೆ.

ಹೆಸರಿನ ಮಾತು ಬಂತು ಅಂತ ಹೇಳುತ್ತೇನೆ. ನಾವು ಆಲೂಗೆಡ್ಡೆ ಅನ್ನುತ್ತೇವೆ. ಮಂಗಳೂರಿನ ನನ್ನ ರೂಮ್‌ಮೇಟ್ ಬಟಾಟೆ ಅನ್ನುತ್ತಿದ್ದಳು, ಧಾರವಾಡದವಳು ಬಟಾಟಿ. ಅದು ಪೋರ್ಚುಗೀಸರ ಬಾಯಿಂದ ಬಂದ ಮಾತು. ಕೋಲಾರದ ಕಡೆಯವಳು ಉರ್ಲಗಡ್ಡೆ. ಹಾಸ್ಟೆಲಿನಲ್ಲಿ ಪಲ್ಯ ಮಾತ್ರ ಒಂದೇ, ಅದೂ ದಿನಾ.

ಆಲೂಗೆಡ್ಡೆ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತೆ. ರಾಗಿ ಕಾಯುತ್ತೆ. ಒಕ್ಕಣೆ ಮಾಡಿ, ಒಣಗಿಸಿ, ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತೆ. ಬೆಲೆ ಇಲ್ಲ ಅಂದರೆ ಮುಂದಿನ ತಿಂಗಳು ಮಾರಬಹುದು, ಇಲ್ಲ ತಾವೇ ಉಣ್ಣಬಹುದು. ಆಲೂಗೆಡ್ಡೆ ಕಾಯೋದಿಲ್ಲ. ಅದರಲ್ಲೂ ಮಳೆಗಾಲದಲ್ಲಿ ಅಗೆದ ಗೆಡ್ಡೆ. ಸಿಪ್ಪೆ ಇನ್ನೂ ಎಳಸು, ಮೈಯೆಲ್ಲ ಹಸಿ ಮಣ್ಣು. ಚೀಲದಲ್ಲಿ ಒಂದು ಕೊಳೆತರೆ ನಾಲ್ಕನೇ ದಿನಕ್ಕೆ ಚೀಲವೇ ಜಿನುಗುತ್ತೆ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಮೂಗಿಗಿಂತ ಮೊದಲು ಹೊಟ್ಟೆಗೆ ತಿಳಿಯುತ್ತೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಲಾರಿ ಗೆಡ್ಡೆ ತುಂಬಿಸಿಕೊಂಡು ಬೆಂಗಳೂರಿನ ಮಂಡಿಗೆ ಹೋದರು. ಹೊರಟಾಗ ಇದ್ದ ರೇಟು ಬೆಳಗಿನ ಜಾವ ಇಳಿಸೋ ಹೊತ್ತಿಗೆ ಅರ್ಧ ಆಗಿತ್ತು. ಸಣ್ಣ ಗೆಡ್ಡೆ, ಗುದ್ದಲಿ ತಾಗಿದ್ದು, ವಕ್ರ ಇರೋದು, ಎಲ್ಲ ಬೇರೆ ಮಾಡಿ ಪಕ್ಕಕ್ಕೆ ಸುರಿದರಂತೆ. ಅದಕ್ಕೆ ಬೆಲೆಯೇ ಇಲ್ಲ. ಕಮಿಷನ್, ಹಮಾಲಿ, ಲಾರಿ ಬಾಡಿಗೆ ಕಳೆದು ಕೈಗೆ ಬಂದದ್ದು ಬಸ್ ಚಾರ್ಜಿಗೆ ಸರಿಹೋಯಿತು. ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, "ಆ ಪಕ್ಕಕ್ಕೆ ಸುರಿದ್ರಲ್ಲ, ಅದನ್ನ ಹಸುಗಾದ್ರೂ ತರಬಹುದಿತ್ತು" ಅಂದರು. ಅಷ್ಟೇ ಅಂದದ್ದು. ಮುಂದಿನ ವರ್ಷ ಎರಡು ಎಕರೆಗೆ ಮುಸುಕಿನ ಜೋಳ ಹಾಕಿದರು. ಆಮೇಲೆ ಶುಂಠಿ ಬಂತು. ನಮ್ಮ ಸೀಮೆಯಲ್ಲಿ ಆಲೂಗೆಡ್ಡೆ ಕರಗಿದ್ದು ಹೀಗೇ, ಒಂದೊಂದು ಮನೆಯಲ್ಲಿ ಒಂದೊಂದು ಎಕರೆ.

ಈಗ ಸ್ಕಾಟ್ಲೆಂಡಿಗೆ ಬರುತ್ತೇನೆ. ನನ್ನ ಕೆಲಸ ಎಡಿನ್‌ಬರೋದಲ್ಲಿ, ಕಂಪ್ಯೂಟರ್ ಮುಂದೆ. ಅಲ್ಲಿ ಶಾಲೆಗಳಿಗೆ ಅಕ್ಟೋಬರಿನಲ್ಲಿ ರಜಾ ಕೊಡುತ್ತಾರೆ. ಹಳಬರು ಅದನ್ನು ಇವತ್ತಿಗೂ 'ಟ್ಯಾಟಿ ಹಾಲಿಡೇಸ್' ಅನ್ನುತ್ತಾರೆ. ಟ್ಯಾಟಿ ಅಂದರೆ ಆಲೂಗೆಡ್ಡೆ. ಹಿಂದೆಲ್ಲ ಮಕ್ಕಳು ಹೊಲಕ್ಕೆ ಹೋಗಿ ಗೆಡ್ಡೆ ಆಯಲಿ ಅಂತಲೇ ಕೊಟ್ಟ ರಜಾ ಅದು. ಆಫೀಸಿನಲ್ಲಿ ಇದನ್ನು ಕೇಳಿದ ದಿನ, ನಾನೂ ಆಯ್ದಿದ್ದೇನೆ, ಆದರೆ ನಮಗೆ ರಜಾ ಕೊಡುತ್ತಿರಲಿಲ್ಲ, ನಾವೇ ಹಾಕುತ್ತಿದ್ದೆವು ಅಂದೆ. ಆ ಮಾತಿನಿಂದಲೇ ಒಬ್ಬ ಸಹೋದ್ಯೋಗಿ ತನ್ನ ಸೋದರತ್ತೆ ಮನೆಯ ವಿಷಯ ಎತ್ತಿದಳು. ಆಂಗಸ್ ಸೀಮೆಯಲ್ಲಿ ಅವರದು ಆಲೂಗೆಡ್ಡೆ ಹೊಲ. ಈಗ ಅದರಿಂದಲೇ ವೋಡ್ಕಾ ಇಳಿಸುತ್ತಾರಂತೆ. ನೋಡೋಕೆ ಬರುತ್ತೀಯಾ ಅಂದಳು.

ಆಂಗಸ್ಸಿನಲ್ಲಿ ಇದೇನು ಹೊಸದಲ್ಲ. ಲೂನನ್ ಕೊಲ್ಲಿಯ ಹತ್ತಿರ ಆರ್ಬಿಕಿ ಅಂತ ಒಂದು ಎಸ್ಟೇಟು. ಸ್ಟರ್ಲಿಂಗ್ ಅನ್ನೋ ಮನೆತನದ ಮೂವರು ಅಣ್ಣತಮ್ಮಂದಿರು 2014ರಲ್ಲಿ ತಮ್ಮದೇ ಆಲೂಗೆಡ್ಡೆಯ ವೋಡ್ಕಾ ಹೊರತಂದರು. ಗ್ಲಾಮಿಸ್ ಹತ್ತಿರ ಇನ್ನೊಂದು ಕುಟುಂಬ ಓಗಿಲ್ವಿ ಅನ್ನೋ ಹೆಸರಲ್ಲಿ ಮಾಡುತ್ತೆ, ಮ್ಯಾರಿಸ್ ಪೈಪರ್ ತಳಿಯಿಂದ. ಅಟ್ಲಾಂಟಿಕ್ ಆಚೆ ಅಮೆರಿಕದ ಮೇನ್ ರಾಜ್ಯದಲ್ಲಿ ಕೋಲ್ಡ್ ರಿವರ್ ಅಂತ ಇದೆ, ಅದೂ ಆಲೂಗೆಡ್ಡೆ ಬೆಳೆಯೋರ ಮನೆಯದ್ದೇ. ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ವಿಲಿಯಂ ಚೇಸ್ ಕತೆ ಇನ್ನೂ ಮಜಾ. ರೈತನ ಮಗ, ಒಮ್ಮೆ ದಿವಾಳಿ ಆದವನು. 2002ರಲ್ಲಿ ತನ್ನ ಆಲೂಗೆಡ್ಡೆಯಿಂದ ಟಿರೆಲ್ಸ್ ಅನ್ನೋ ಚಿಪ್ಸ್ ಶುರು ಮಾಡಿದ. 2008ರಲ್ಲಿ ಅದರ ದೊಡ್ಡ ಪಾಲು ಮಾರಿ ವೋಡ್ಕಾಗೆ ಇಳಿದ. ಎರಡೇ ವರ್ಷದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಪರ್ಧೆಯಲ್ಲಿ ಅದು ಜಗತ್ತಿನ ಅತ್ಯುತ್ತಮ ವೋಡ್ಕಾ ಅನ್ನಿಸಿಕೊಂಡಿತು. 2021ರಲ್ಲಿ ದೊಡ್ಡ ಕಂಪನಿಯೊಂದಕ್ಕೆ, ಡಿಯಾಜಿಯೋಗೆ, ಅದೂ ಮಾರಾಟವಾಯಿತು. ಇಂಥ ಕತೆಗಳನ್ನು ಪತ್ರಿಕೆಯವರು ಚಪ್ಪರಿಸಿಕೊಂಡು ಬರೆಯುತ್ತಾರೆ. ನಾನು ಹೋದ ಮನೆ ಅಷ್ಟು ದೊಡ್ಡದಲ್ಲ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕೋದಿಲ್ಲ.

2023ರ ಸೆಪ್ಟೆಂಬರ್ 30, ಶನಿವಾರ. ಟೇ ನದಿ ದಾಟಿ, ಡಂಡಿ ಕಳೆದು, ಉತ್ತರಕ್ಕೆ. ರಸ್ತೆಯ ಎರಡೂ ಕಡೆ ಕೆಂಪು ಮಣ್ಣು! ನಾನು ಕಾರು ನಿಲ್ಲಿಸಿದೆ. ಇಷ್ಟು ವರ್ಷ ಆ ದೇಶದಲ್ಲಿದ್ದು ಕೆಂಪು ಮಣ್ಣು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೈಯಲ್ಲಿ ಹಿಡಿದರೆ ನಮ್ಮದಕ್ಕಿಂತ ತಣ್ಣಗೆ. ಬಣ್ಣ ಮಾತ್ರ ನೆಂಟಸ್ತಿಕೆ ಹೇಳುವಂಥದ್ದು.

ಮನೆ ಯಜಮಾನ ಆರಡಿ ಆಳು. ಕೆನ್ನೆ ಕೆಂಪಗೆ, ಕೈ ಮೊರದಗಲ. ನಮ್ಮೂರಲ್ಲಿ ಹುಟ್ಟಿದ್ದರೆ ಎಲ್ಲರೂ ಗೌಡ್ರೇ ಅನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಆಂಗಸ್ ಗೌಡ್ರು ಅಂತ ಹೆಸರಿಟ್ಟೆ. ಇಲ್ಲೂ ಹಾಗೇ ಕರೆಯುತ್ತೇನೆ. ಗೌಡ್ರು ಕೈ ಕುಲುಕಿ, ನನ್ನ ಅಂಗೈ ನೋಡಿ, "ನಿಮ್ಮ ತಂದೆ ಬೆಳೆಯುತ್ತಾರಂತೆ, ನೀವಲ್ಲ" ಅಂದರು. ನಿಜವೇ.

ಮೊದಲು ಕರೆದುಕೊಂಡು ಹೋದದ್ದು ವೋಡ್ಕಾ ಮನೆಗಲ್ಲ, ಶೆಡ್ಡಿಗೆ. ಅಲ್ಲೊಂದು ಉದ್ದನೆ ಬೆಲ್ಟು ಓಡುತ್ತಿರುತ್ತೆ. ಟ್ರೇಲರಿನಿಂದ ಸುರಿದ ಗೆಡ್ಡೆ ಅದರ ಮೇಲೆ ಕುಣಿಯುತ್ತಾ ಬರುತ್ತೆ. ಎರಡೂ ಕಡೆ ನಿಂತ ನಾಲ್ಕು ಜನ ಹೆಂಗಸರು, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಮಾತಾಡುತ್ತಲೇ ಕಲ್ಲು, ಹೆಂಟೆ, ಕೆಟ್ಟ ಗೆಡ್ಡೆ ತೆಗೆದು ಎಸೆಯುತ್ತಾರೆ. ಕಣ್ಣು ಗೆಡ್ಡೆ ಮೇಲಿಲ್ಲ, ಮಾತಿನ ಮೇಲೆ. ಕೈಗೆ ತಾನೇ ಗೊತ್ತಾಗುತ್ತೆ. ನಮ್ಮೂರ ಕಣದಲ್ಲಿ ಗೆಡ್ಡೆ ಆಯುತ್ತಿದ್ದ ಹೆಂಗಸರೂ ಹೀಗೇ. ಯಾರ ಮನೆ ಸೊಸೆ ತವರಿಗೆ ಹೋದಳು ಅನ್ನೋದನ್ನೂ ಯಾವ ಗೆಡ್ಡೆಗೆ ಗುದ್ದಲಿ ತಾಗಿದೆ ಅನ್ನೋದನ್ನೂ ಒಟ್ಟಿಗೇ ವಿಚಾರಿಸುತ್ತಿದ್ದರು.

ಬೆಲ್ಟಿನ ಪಕ್ಕದಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ. ಅದಕ್ಕೆ ಬೀಳೋದು 'ಬ್ರಾಕ್'. ಸ್ಕಾಟಿಷ್ ರೈತರ ಮಾತು ಅದು. ಅಂಗಡಿಗೆ ಹೋಗದ, ದನಕ್ಕೆ ಹೋಗೋ ಗೆಡ್ಡೆ. ಸಣ್ಣದು, ಎರಡು ತಲೆ ಇರೋದು, ಮೆಷಿನ್ ಕುಯ್ದದ್ದು, ಸಿಪ್ಪೆ ಮೇಲೆ ಕಜ್ಜಿ ಇರೋದು. ನಾನು ಒಂದು ಎತ್ತಿಕೊಂಡೆ. ಸೊಂಡಿಲು ಇರೋ ಗಣಪನ ಹಾಗಿತ್ತು. ಒಳಗೆ ಏನೂ ಕೆಟ್ಟಿಲ್ಲ. ಉಗುರಲ್ಲಿ ಗೀರಿದರೆ ಹಾಲಿನಂಥ ನೀರು ಬಂತು. ಒಣಗಿದ ಮೇಲೆ ಬೆರಳಿಗೆ ಬಿಳಿ ಹಿಟ್ಟು ಅಂಟಿತ್ತು.

"ಇದೇ," ಅಂದರು ಗೌಡ್ರು. "ನೀವು ನೋಡೋಕೆ ಬಂದದ್ದು ಇದನ್ನೇ. ಆ ಕಡೆ ಇರೋದೆಲ್ಲ ಬರೀ ಪ್ಲಂಬಿಂಗ್."

ಪ್ಲಂಬಿಂಗ್ ಇರೋದು ಹಳೇ ದನದ ಕೊಟ್ಟಿಗೆಯಲ್ಲಿ. ಕಲ್ಲಿನ ಗೋಡೆ, ಮೇಲೆ ಹೊಸ ತಗಡು. ಒಳಗೆ ಕಾಲಿಟ್ಟ ಕೂಡಲೇ ಬೇಯಿಸಿದ ಆಲೂಗೆಡ್ಡೆಯ ವಾಸನೆ. ಹೋಟೆಲಿನಲ್ಲಿ ದೋಸೆ ಪಲ್ಯಕ್ಕೆ ಬೆಳಗಿನ ಜಾವ ಗೆಡ್ಡೆ ಬೇಯಿಸುತ್ತಾರಲ್ಲ, ಥೇಟ್ ಅದೇ. ಹೆಂಡದ ಸುಳಿವೇ ಇಲ್ಲ.

ಕೆಲಸ ಹೀಗೆ ನಡೆಯುತ್ತೆ. ಗೆಡ್ಡೆ ತೊಳೆದು, ಸಿಪ್ಪೆ ಸಮೇತ ಅರೆದು, ನೀರು ಬೆರೆಸಿ ಕಾಯಿಸುತ್ತಾರೆ. ಆಲೂಗೆಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಉಳಿದದ್ದರಲ್ಲಿ ಜಾಸ್ತಿ ಹಿಟ್ಟು, ಅಂದರೆ ಸ್ಟಾರ್ಚ್. ಬಿಸಿಗೆ ಆ ಹಿಟ್ಟು ಉಬ್ಬಿ ಇಡೀ ಹಂಡೆ ಮುದ್ದೆ ಆಗುತ್ತೆ. ಆದರೆ ಯೀಸ್ಟು ಹಿಟ್ಟು ತಿನ್ನೋದಿಲ್ಲ, ಸಕ್ಕರೆ ತಿನ್ನುತ್ತೆ. ಹಿಟ್ಟನ್ನು ಸಕ್ಕರೆ ಮಾಡಬೇಕು. ಮೊಳಕೆ ಬರಿಸಿದ ಬಾರ್ಲಿಯಲ್ಲಿ ಅದಕ್ಕೆ ಬೇಕಾದ ಎನ್‌ಜೈಮು ತಾನಾಗೇ ಇರುತ್ತೆ, ಆಲೂಗೆಡ್ಡೆಯಲ್ಲಿ ಸಾಲದು. ಹೊರಗಿನಿಂದ ಹಾಕಬೇಕು.

ಗೌಡ್ರ ಮಗಳೇ ಭಟ್ಟಿಯ ಉಸ್ತುವಾರಿ. ಓದಿದ್ದು ಇಂಜಿನಿಯರಿಂಗ್. ಅವಳು ಒಂದು ಸಣ್ಣ ಜಗ್ಗಿನಲ್ಲಿ ಕಂದು ಬಣ್ಣದ ಎನ್‌ಜೈಮ್ ದ್ರಾವಣ ತಂದು ಹಂಡೆಗೆ ಸುರಿದಳು. ಒಳಗಿನ ರೆಕ್ಕೆ ಆಗ ಕಷ್ಟಪಟ್ಟು ತಿರುಗುತ್ತಿತ್ತು, ಮೋಟರು ಮುಲುಗುತ್ತಿತ್ತು. ಹತ್ತು ನಿಮಿಷ. ಮುಲುಗೋದು ನಿಂತಿತು. ಬಗ್ಗಿ ನೋಡಿದರೆ ಮುದ್ದೆ ಹೋಗಿ ಅಂಬಲಿ ಆಗಿದೆ. ಸರಸರ ಅಂತ ಓಡುತ್ತಿದೆ.

ನನಗೆ ನಗು ಬಂತು. ಇದು ನನಗೆ ಗೊತ್ತಿತ್ತು! ನನ್ನ ತಮ್ಮನಿಗೆ ಆರು ತಿಂಗಳಾದಾಗ ಅಮ್ಮ ರಾಗಿ ಗಂಜಿ ಮಾಡುತ್ತಿದ್ದರು. ಗಟ್ಟಿಯಾದರೆ ಮಗು ನುಂಗೋದಿಲ್ಲ, ನೀರು ಜಾಸ್ತಿ ಮಾಡಿದರೆ ಹೊಟ್ಟೆ ತುಂಬೋದಿಲ್ಲ. ಅದಕ್ಕೆ ಅಜ್ಜಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಒಂದು ಚಮಚ ಉದುರಿಸಿ ಕೈಯಾಡಿಸುತ್ತಿದ್ದರು. ಗಂಜಿ ಕಣ್ಣೆದುರಿಗೇ ತೆಳ್ಳಗಾಗಿ, ಸಿಹಿಯಾಗುತ್ತಿತ್ತು. ನಾನು ಇದನ್ನು ಆ ಹುಡುಗಿಗೆ ಹೇಳಿದೆ. ಅವಳು ಪುಸ್ತಕ ತಂದು ರಾಗಿ ಅನ್ನೋ ಹೆಸರನ್ನು ಬರೆದುಕೊಂಡಳು. ಮೊಳಕೆ ಎಷ್ಟು ದಿನ, ಎಷ್ಟು ಬಿಸಿಗೆ ಹಾಕಬೇಕು ಅಂತ ಕೇಳಿದಳು. "ಬೆರಳು ಅದ್ದಿದರೆ ಸುಡಬೇಕು, ಆದರೆ ಬೊಬ್ಬೆ ಬರಬಾರದು" ಅಂದೆ. ಅಜ್ಜಿಯ ಥರ್ಮಾಮೀಟರು ಅದೇ. ಅದನ್ನೂ ಬರೆದುಕೊಂಡಳು.

ಆಮೇಲೆ ತಣಿಸಿ ಯೀಸ್ಟು ಹಾಕಿ ಹೆಚ್ಚುಕಡಿಮೆ ಒಂದು ವಾರ ಬಿಡುತ್ತಾರೆ. ಹುದುಗು ಬಂದ ರಸವನ್ನು ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ಆಲ್ಕೋಹಾಲು 78 ಡಿಗ್ರಿಗೇ ಕುದಿಯುತ್ತೆ, ನೀರು 100ಕ್ಕೆ. ಆಟವೆಲ್ಲ ಆ ನಡುವಿನ ಅಂತರದಲ್ಲಿ. ಮೊದಲು ಇಳಿಯೋದು ಕೆಟ್ಟದ್ದು, ನೇಲ್ ಪಾಲಿಷ್ ವಾಸನೆಯದ್ದು. ಅದರಲ್ಲಿ ವಿಷವೂ ಇರುತ್ತೆ. ಚೆಲ್ಲಿಬಿಡಬೇಕು. ಕೊನೆಯದ್ದು ಒದ್ದೆ ರಟ್ಟಿನ ವಾಸನೆ, ಅದೂ ಬೇಡ. ನಡುವಿನದ್ದು ಮಾತ್ರ ಬೇಕು. ಎಲ್ಲಿ ಕತ್ತರಿಸಬೇಕು ಅಂತ ಮೆಷಿನ್ ಹೇಳುತ್ತೆ, ಆದರೂ ಹುಡುಗಿ ಪ್ರತಿ ಸಲ ಎರಡು ಬೆರಳ ನಡುವೆ ಒಂದು ಹನಿ ಉಜ್ಜಿ ಮೂಸುತ್ತಾಳೆ. ಆ ಮೇಲೆ ಎತ್ತರದ ಕೊಳವೆಯೊಳಗೆ ಮತ್ತೆ ಮತ್ತೆ ಏರಿಸಿ, ಆಲ್ಕೋಹಾಲಿನ ಪ್ರಮಾಣ 96 ಪರ್ಸೆಂಟಿನ ಹತ್ತಿರ ತಂದು, ನೀರು ಬೆರೆಸಿ 40ಕ್ಕೆ ಇಳಿಸುತ್ತಾರೆ. ಮಿಕ್ಕ ಚರಟ ದನಕ್ಕೆ. ಕೊಟ್ಟಿಗೆ ಹೋಗಿ ಭಟ್ಟಿ ಬಂದರೂ ದನದ ಪಾಲು ತಪ್ಪಿಲ್ಲ, ಕಂತು ಬದಲಾಗಿದೆ ಅಷ್ಟೇ.

ರುಚಿ? ನೋಡಿದೆ, ಚಮಚದಷ್ಟು. ಗಂಟಲಲ್ಲಿ ಬೆಂಕಿ ಇತ್ತು, ಸುಳ್ಳು ಹೇಳೋದಿಲ್ಲ. ಆದರೆ ಬೆಂಕಿಗೆ ಮೊದಲು ನಾಲಿಗೆ ಮೇಲೆ ಏನೋ ದಪ್ಪಗೆ, ಸ್ವಲ್ಪ ಸಿಹಿಯಾಗಿ, ಅನ್ನದ ಗಂಜಿಯ ಕೆನೆ ಹಾಗೆ ಬಂದು ಹೋಯಿತು. ಬಲ್ಲವರು ಆಲೂಗೆಡ್ಡೆ ವೋಡ್ಕಾದ ಗುರುತೇ ಅದು ಅನ್ನುತ್ತಾರೆ. ಅರ್ಧ ಮನಸ್ಸಿನ ಭ್ರಮೆಯೂ ಇರಬಹುದು, ಅಲ್ವಾ? ಬ್ರಾಕ್ ಪೆಟ್ಟಿಗೆ ನೋಡಿ ಬಂದ ಮೇಲೆ ಆಲೂಗೆಡ್ಡೆ ಸಿಗದೆ ಇರುತ್ತಾ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಅದರ ರುಚಿ, ವಾಸನೆ ಯಾವುದೂ ಬೇಕಿರಲಿಲ್ಲ.

"ಒಂದು ಬಾಟ್ಲಿಗೆ ಎಷ್ಟು ಗೆಡ್ಡೆ ಹಿಡೀತದಂತೆ?"

ಲೆಕ್ಕದ ಪ್ರಕಾರ ಒಳ್ಳೇ ಹಿಟ್ಟಿರೋ ಒಂದು ಟನ್ ಗೆಡ್ಡೆಗೆ ನೂರು ಲೀಟರಿನಷ್ಟು ಶುದ್ಧ ಆಲ್ಕೋಹಾಲು ಸಿಗಬೇಕು. ಹಾಗಾದರೆ 70 ಸೆಂಟಿಲೀಟರಿನ ಒಂದು ಬಾಟಲಿಗೆ ಮೂರು ಕೆಜಿ ಸಾಕು. ಕೆಲವರು ಜಾಹೀರಾತಿನಲ್ಲಿ ಏಳು ಕೆಜಿ, ಹದಿನಾರು ಕೆಜಿ ಅಂತೆಲ್ಲ ಬರೆದುಕೊಳ್ಳುತ್ತಾರೆ. ಜಾಸ್ತಿ ಗೆಡ್ಡೆ ಅಂದರೆ ಜಾಸ್ತಿ ಘನತೆ ಅನ್ನೋ ಹಾಗೆ. ನಮ್ಮ ಗೌಡ್ರು, "ನಮ್ಮದು ಚಿಕ್ಕ ಭಟ್ಟಿ, ಪೋಲು ಜಾಸ್ತಿ, ಐದು ಅಂತ ಇಟ್ಕೊಳ್ಳಿ" ಅಂದಿದ್ದರು.

"ಐದು ಕೆಜಿ" ಅಂದೆ.

"ಮೂಟೆಗೆ ಹತ್ತು ಬಾಟ್ಲಿ." ಅಪ್ಪನ ತಲೆ ಇನ್ನೂ ಐವತ್ತು ಕೆಜಿ ಮೂಟೆಯಲ್ಲೇ ಓಡೋದು. "ಬಾಟ್ಲಿ ಎಷ್ಟಕ್ಕೆ ಮಾರ್ತಾರೆ?"

"36 ಪೌಂಡು. ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರದ ಮೇಲೆ."

ಆ ಕಡೆ ಸದ್ದಿಲ್ಲ. ಆಮೇಲೆ, "ಪುಟ್ಟಿ, ಮೂಟೆಗೆ ಮೂವತ್ತೈದು ಸಾವ್ರ ಆಯ್ತು ಕಣವ್ವ" ಅಂದರು. ಅವರ ದನಿಯಲ್ಲಿ ಆಸೆ ಇರಲಿಲ್ಲ. ಲಾರಿಯಿಂದ ಬಿದ್ದ ಮೂಟೆ ನೋಡಿದ ಹಾಗೆ ಇತ್ತು.

ನಾನು ಒಂದೊಂದೇ ಕಳೆದೆ. ಆ ವರ್ಷದ ಆಗಸ್ಟಿನಿಂದ ಬ್ರಿಟನ್ನಿನಲ್ಲಿ ಶುದ್ಧ ಆಲ್ಕೋಹಾಲಿನ ಲೀಟರಿಗೆ 31.64 ಪೌಂಡ್ ಸುಂಕ. ಒಂದು ಬಾಟಲಿಗೆ 8.86 ಪೌಂಡ್ ಅಲ್ಲೇ ಹೋಯಿತು. ಆಮೇಲೆ ಮಾರಾಟ ತೆರಿಗೆ 20 ಪರ್ಸೆಂಟ್, ಅದು ಆರು ಪೌಂಡ್. ಅಂಗಡಿಯವನ ಪಾಲು, ಗಾಜಿನ ಬಾಟಲಿ, ಕಾರ್ಕು, ಲೇಬಲ್ಲು, ಗ್ಯಾಸು, ಸಂಬಳ, ಜರ್ಮನಿಯಿಂದ ತರಿಸಿದ ತಾಮ್ರದ ಹಂಡೆಯ ಸಾಲದ ಕಂತು. ಗೆಡ್ಡೆಯ ಪಾಲಿಗೆ ಉಳಿಯೋದು ಚಿಲ್ಲರೆ.

"ಹಂಗಾದ್ರೆ ಯಾಕ್ ಮಾಡ್ತಾರೆ?"

ನಾನೂ ಗೌಡ್ರಿಗೆ ಇದೇ ಪ್ರಶ್ನೆ ಹಾಕಿದ್ದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ಕೊಟ್ಟಿಗೆಯ ಮೂಲೆಯ ಕಪಾಟು ತೋರಿಸಿದ್ದರು. ಅಲ್ಲಿ ಹೋದ ವರ್ಷದ, ಅದರ ಹಿಂದಿನ ವರ್ಷದ ಬಾಟಲಿಗಳು ಸಾಲಾಗಿ ನಿಂತಿದ್ದವು. "ಇವಕ್ಕೆ ಏನೂ ಆಗೋದಿಲ್ಲ" ಅಂದರು. "ಸೂಪರ್‌ಮಾರ್ಕೆಟ್ಟಿನವನು ಸೋಮವಾರ ಫೋನ್ ಮಾಡಿ ಬೇಡ ಅಂದರೂ ಇವಕ್ಕೆ ಏನೂ ಆಗೋದಿಲ್ಲ. ನನ್ನ ಆಯಸ್ಸಿನಲ್ಲಿ ನಾನು ಬೆಳೆದದ್ದು ಕಾಯ್ದು ನಿಂತದ್ದು ಇದೇ ಮೊದಲು."

ಇದನ್ನು ಅಪ್ಪನಿಗೆ ಹೇಳಿದೆ. ಅವರು, "ಹ್ಞೂಂ, ರಾಗಿ ಮಾಡ್ಕೊಂಡವ್ರೆ" ಅಂದರು.

ನಾನು ಆ ಮೇಲೆ ಎಷ್ಟೋ ಓದಿದೆ. ಹಳ್ಳಿಯ ಉತ್ಪನ್ನ, ಮೌಲ್ಯವರ್ಧನೆ, ಬ್ರ್ಯಾಂಡಿಂಗ್, ಏನೇನೋ. ಆದರೆ ಅಪ್ಪನ ಆ ಒಂದು ಮಾತಿನಷ್ಟು ಸರಿಯಾಗಿ ಯಾವುದೂ ಹೇಳಲಿಲ್ಲ. ಆಲೂಗೆಡ್ಡೆಯನ್ನು ರಾಗಿ ಮಾಡಿಕೊಂಡಿದ್ದಾರೆ. ವೋಡ್ಕಾ ಅನ್ನೋದು ಸುಮ್ನೆ ಒಂದು ವೇಷ.

ಇದೇನು ಹೊಸ ಬುದ್ಧಿಯೂ ಅಲ್ಲ. ಸ್ವೀಡನ್ನಿನಲ್ಲಿ ಎವಾ ಎಕೆಬ್ಲಾಡ್ ಅಂತ ಒಬ್ಬ ಹೆಂಗಸು ಇದ್ದಳು. ಜಮೀನ್ದಾರರ ಮನೆಯವಳು. ಆ ಕಾಲಕ್ಕೆ ಅಲ್ಲಿ ಆಲೂಗೆಡ್ಡೆಯನ್ನು ಜನ ತಿನ್ನುತ್ತಿದ್ದದ್ದೇ ಕಡಿಮೆ. ಆದರೆ ಹೆಂಡ ಕಾಯಿಸೋಕೆ ರೊಟ್ಟಿಯ ಧಾನ್ಯವೇ ಖರ್ಚಾಗುತ್ತಿತ್ತು. ಇವಳು ತನ್ನ ಅಡುಗೆಮನೆಯಲ್ಲೇ ಆಲೂಗೆಡ್ಡೆಯಿಂದ ಹಿಟ್ಟು, ಆಲೂಗೆಡ್ಡೆಯಿಂದ ಹೆಂಡ ಎರಡೂ ಮಾಡಿ ನೋಡಿ, ಹೇಗೆ ಅಂತ ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಗೆ ಬರೆದಳು. 1748ರಲ್ಲಿ ಅಕಾಡೆಮಿ ಅವಳನ್ನು ಸದಸ್ಯೆ ಮಾಡಿಕೊಂಡಿತು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಆ ಅಕಾಡೆಮಿಯ ಮೊದಲ ಹೆಣ್ಣು ಸದಸ್ಯೆ. ಮೂರು ವರ್ಷ ಕಳೆದ ಮೇಲೆ, ಹೆಣ್ಣಲ್ಲವಾ, ಗೌರವ ಸದಸ್ಯೆ ಸಾಕು ಅಂತ ಕೆಳಗಿಳಿಸಿದರು. ಅದಿರಲಿ. ಜನ ಹೆಂಡ ಕುಡಿಯೋದು ಬಿಡೋದಿಲ್ಲ, ಕುಡಿದರೂ ರೊಟ್ಟಿ ಉಳಿಯಲಿ ಅಂತ ಲೆಕ್ಕ ಹಾಕಿದ ತಲೆ ಅದು. ನನಗೆ ಅವಳು ತುಂಬಾ ಇಷ್ಟ.

ವೋಡ್ಕಾ ಅಂದರೆ ಆಲೂಗೆಡ್ಡೆಯದ್ದೇ ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಜಗತ್ತಿನ ಬಹುಪಾಲು ವೋಡ್ಕಾ ಗೋಧಿ, ರೈ ಅನ್ನೋ ಧಾನ್ಯ, ಮುಸುಕಿನ ಜೋಳದ್ದು. ಆಲೂಗೆಡ್ಡೆ ಭಾರ, ನೀರು ಜಾಸ್ತಿ, ಕೊಳೆಯುತ್ತೆ. ಕಾರ್ಖಾನೆಯವರಿಗೆ ಧಾನ್ಯವೇ ಸಲೀಸು. ಪೋಲೆಂಡಿನವರು ಮಾತ್ರ ಆಲೂಗೆಡ್ಡೆ ಬಿಟ್ಟುಕೊಟ್ಟಿಲ್ಲ. ಯುರೋಪಿನಲ್ಲಿ ಇದರ ಮೇಲೆ ಜಗಳವೇ ನಡೆದು, 2008ರ ಕಾನೂನಿನಲ್ಲಿ ಧಾನ್ಯ, ಆಲೂಗೆಡ್ಡೆ ಬಿಟ್ಟು ಬೇರೆ ಯಾವುದರಿಂದ ವೋಡ್ಕಾ ಮಾಡಿದರೂ ಅದನ್ನು ಬಾಟಲಿ ಮೇಲೆ ಬರೀಲೇಬೇಕು ಅಂತ ಆಯಿತು. ದ್ರಾಕ್ಷಿಯದ್ದಾದರೆ ದ್ರಾಕ್ಷಿ ಅನ್ನಬೇಕು. ಆಲೂಗೆಡ್ಡೆಗೆ ಆ ಗೊಡವೆ ಇಲ್ಲ, ಅದು ಮನೆ ಮಗ.

ಹಾಗಾದರೆ ಹಾಸನದಲ್ಲೂ ಮಾಡಬಹುದಲ್ಲ ಅಂತ ನೀವು ಕೇಳುತ್ತೀರಿ. ನನ್ನ ಗಂಡನೂ ಕೇಳಿದ. ಉತ್ತರ ಅಷ್ಟು ಸುಲಭ ಇಲ್ಲ.

2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ವೈನಿಗೆ ಅಂತಲೇ ಒಂದು ನೀತಿ ತಂದಿತು. ಬೆಳೆಯೋರಿಗೆ ಅನುಕೂಲ ಆಗಲಿ ಅಂತ. ಅದೇ ವರ್ಷ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಎರಡೂ ಒಂದೇ ವರ್ಷ. ಹುದುಗು ಬರಿಸೋದು ಬೇರೆ, ಭಟ್ಟಿ ಇಳಿಸೋದು ಬೇರೆ. ನಮ್ಮೂರಲ್ಲಿ ಯಾರಾದರೂ ಹಂಡೆ ಇಟ್ಟು ಕಾಯಿಸಿದರೆ ಅಬಕಾರಿಯವರು ಜೀಪಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಹೋಗಲೇಬೇಕು ಅಂತಲೂ ನನಗನ್ನಿಸುತ್ತೆ. ಯಾಕೆಂದರೆ ನನ್ನ ಚಿಕ್ಕಪ್ಪ.

ಚಿಕ್ಕಪ್ಪ ಒಳ್ಳೇ ಬೇಸಾಯಗಾರ. ಅಪ್ಪನಿಗಿಂತ ಕೈ ಚುರುಕು. ಬೆಲೆ ಬಿದ್ದ ವರ್ಷಗಳಲ್ಲಿ ಪ್ಯಾಕೆಟ್ ಸಾರಾಯಿ ಶುರುವಾಯಿತು. ಹಲ್ಲಲ್ಲಿ ಮೂಲೆ ಕಿತ್ತು, ನಿಂತಲ್ಲೇ ಹೀರಿ, ಖಾಲಿ ಪ್ಯಾಕೆಟನ್ನು ಬದುವಿನ ಮೇಲೆ ಬಿಸಾಕಿ ಹೋಗುತ್ತಿದ್ದರು. ಸಾರಾಯಿ ನಿಂತ ಮೇಲೆ ಅಂಗಡಿಯ ಅಗ್ಗದ ಬಾಟಲಿ. ನಲವತ್ತಾರಕ್ಕೆ ಹೋದರು. ಅವರ ಹೊಲ ಉಳುವಾಗ ಇವತ್ತಿಗೂ ಒಂದೊಂದು ಪ್ಲಾಸ್ಟಿಕ್ ಚೂರು ಮೇಲೆ ಬರುತ್ತೆ. ಮಣ್ಣು ಎಲ್ಲವನ್ನೂ ಕರಗಿಸಿದೆ, ಅದನ್ನು ಬಿಟ್ಟು.

ಅಮ್ಮ ಬಾಟಲಿಯನ್ನು ಅಟ್ಟಕ್ಕೆ ಹಾಕಿಸಿದ್ದು ಮಡಿಗೆ ಮಾತ್ರ ಅಲ್ಲ. ನಾನು ಗೌಡ್ರ ಮನೆಯ ತಾಮ್ರದ ಹಂಡೆ ಹೊಗಳುತ್ತಿದ್ದಾಗ ಅಮ್ಮ ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ, "ಅವರ ಮನೇಲಿ ಕುಡಿಯೋರು ಯಾರೂ ಇಲ್ವಾ?" ಅಂತ ಕೇಳಿದರು. ನಾನು ಗೌಡ್ರ ಮನೆಯಲ್ಲಿ ಕೇಳದೆ ಬಂದ ಪ್ರಶ್ನೆ ಅದೊಂದೇ.

ಆದ್ದರಿಂದ ಹಾಸನಕ್ಕೆ ವೋಡ್ಕಾ ಬರಲಿ ಅಂತ ನಾನು ಬರೆಯುತ್ತಿಲ್ಲ. ನನ್ನ ಕಣ್ಣು ಕುಕ್ಕಿದ್ದು ಆ ಮರದ ಪೆಟ್ಟಿಗೆ. ಬ್ರಾಕ್‌ಗೆ ಒಂದು ಪೆಟ್ಟಿಗೆ ಇದೆ. ಅದು ಎಲ್ಲಿಗೆ ಹೋಗುತ್ತೆ ಅಂತ ಬೆಳೆದವನಿಗೆ ಗೊತ್ತಿದೆ. ನಮ್ಮಲ್ಲಿ ಅದು ಮಂಡಿಯ ನೆಲದ ಮೇಲೆ ಸುರಿದು ಹೋಯಿತು. ಹಿಟ್ಟು ಮಾಡಲಿ, ಚಿಪ್ಸ್ ಮಾಡಲಿ, ಹಪ್ಪಳ ಮಾಡಲಿ. ಆವತ್ತು ಬೆಳಗಿನ ಜಾವ ನಾಲ್ಕು ಗಂಟೆಗೆ, ರೇಟು ಅರ್ಧ ಆದಾಗ, ಲಾರಿ ತಿರುಗಿಸಿಕೊಂಡು ಬರೋಕೆ ಅಪ್ಪನಿಗೆ ಒಂದು ಜಾಗ ಇರಬೇಕಿತ್ತು.

ನಾನು ಹೋಗಿ ಬಂದ ಮೂರು ವಾರಕ್ಕೆ ಬ್ಯಾಬೆಟ್ ಅನ್ನೋ ಬಿರುಗಾಳಿ ಆಂಗಸ್ಸಿಗೆ ಬಡಿಯಿತು. ಅಕ್ಟೋಬರ್ 19, 20. ರೆಡ್ ಅಲರ್ಟ್ ಕೊಟ್ಟಿದ್ದರು. ಬ್ರೆಚಿನ್ ಊರಲ್ಲಿ ಸೌತ್ ಎಸ್ಕ್ ನದಿ ದಂಡೆ ಮೀರಿ ಮನೆಗಳಿಗೆ ನುಗ್ಗಿತು. ರಾತ್ರಿಯೆಲ್ಲ ಜನರನ್ನು ದೋಣಿಯಲ್ಲಿ ಸಾಗಿಸಿದರು. ಟಿವಿಯಲ್ಲಿ ಹೊಲಗಳ ಮೇಲೆ ಕೆಂಪು ನೀರು ನಿಂತದ್ದು ತೋರಿಸುತ್ತಿದ್ದರು. ನನಗೆ ಅಷ್ಟು ದೂರದಿಂದಲೂ ಆ ವಾಸನೆ ಬಂತು.

ಗೌಡ್ರಿಗೆ ಮೆಸೇಜ್ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು. ಮನೆ, ಭಟ್ಟಿ ಎಲ್ಲ ಕ್ಷೇಮ. ಅಗೆಯದೆ ಉಳಿದಿದ್ದ ಹನ್ನೆರಡು ಎಕರೆ ನೀರಿನಡಿ. ಕೊಳೆತದ್ದರಿಂದ ವೋಡ್ಕಾ ಬರೋದಿಲ್ಲ.

ಅಪ್ಪನಿಗೆ ಹೇಳಿದೆ. ಅವರು ಅಯ್ಯೋ ಅನ್ನಲಿಲ್ಲ. "ಬಿತ್ತನೆ ಇಟ್ಕೊಂಡವ್ರಾ ಕೇಳು" ಅಂದರು.

ಕೇಳಿದೆ. ಬಿತ್ತನೆ ಗೆಡ್ಡೆ ಎತ್ತರದ ಶೆಡ್ಡಿನಲ್ಲಿದೆ, ಒಣಗೇ ಇದೆ ಅಂತ ಬರೆದರು. ಕೆಳಗೆ ಇನ್ನೊಂದು ಸಾಲು: ನಿಮ್ಮ ತಂದೆಯ ಕಡೆ ಈ ವರ್ಷ ಹೇಗಿದೆ?

ಆ ವರ್ಷ ಕರ್ನಾಟಕದಲ್ಲಿ ಬರ. ಅಪ್ಪ ಹಾಕಿದ್ದ ಅರ್ಧ ಎಕರೆ ಗೆಡ್ಡೆ ಗೋಲಿಗಿಂತ ದಪ್ಪ ಆಗಲಿಲ್ಲ. ಏನಂತ ಬರೆಯಲಿ ಅಂತ ಅಪ್ಪನನ್ನೇ ಕೇಳಿದೆ.

"ಇಲ್ಲಿ ಮಳೆನೇ ಇಲ್ಲ ಅಂತ ಬರಿ" ಅಂದರು. ಫೋನ್ ಇಡೋಕೆ ಹೋದವರು ಮತ್ತೆ ಎತ್ತಿಕೊಂಡು, "ಅಲ್ಲಿ ಜಾಸ್ತಿ ಆಗಿರೋದನ್ನ ಒಂದೀಟು ಈ ಕಡೆ ಕಳ್ಸೋಕಾಯ್ತದಾ, ಅದನ್ನೂ ಕೇಳು" ಅಂದರು.